ಒಂದೇ ಲೇಬಲ್, ಎರಡು ವಾಸನೆ: ಕಾಡು ರೋಸ್‌ಮೆರಿ ಎಣ್ಣೆ ತರಿಸಿದ ಕಥೆ

ಮೊದಲೇ ಹೇಳಿಬಿಡ್ತೇನೆ, ಇದಕ್ಕೆ ನಾನು ಕೊಡುದು 5ರಲ್ಲಿ 4 ಸ್ಟಾರ್. ಏಪ್ರಿಲ್‌ನಲ್ಲಿ ಕೇಳಿದ್ರೆ ಒಂದೇ ಕೊಡ್ತಿದ್ದೆ, ಅದೂ ಸೊನ್ನೆ ಕೊಡ್ಲಿಕ್ಕೆ ಆಪ್ಶನ್ ಇಲ್ಲ ಅಂತ. ನಡುವೆ ಎಂತ ಆಯ್ತು ಅಂತ ಹೇಳ್ಲಿಕ್ಕೇ ಇಷ್ಟು ಉದ್ದ ಬರೀತಿದ್ದೇನೆ, ಪುರುಸೊತ್ತಿದ್ದವ್ರು ಓದಿ.

ವಿಷಯ ಎಂತ ಅಂದ್ರೆ 10 ಮಿ.ಲೀ.ಯ ಕಂದು ಗಾಜಿನ ಒಂದು ಬಾಟ್ಲಿ. ಕಾಡು ರೋಸ್‌ಮೆರಿ, ಸ್ಪೇನ್, ಹಬೆಯಲ್ಲಿ ಇಳಿಸಿದ ಎಣ್ಣೆ ಅಂತ ಲೇಬಲ್‌ನಲ್ಲಿ ಉಂಟು. 650 ರೂಪಾಯಿ, ಕೊರಿಯರ್ ಬೇರೆ. ಮಾರುವವ್ರು ಚಿಕ್ಕ ಮಟ್ಟಿನವ್ರು, ಆನ್‌ಲೈನ್‌ನಲ್ಲಿ ಮಾತ್ರ ಇರುದು, ಹೆಸರು ಹಾಕುದಿಲ್ಲ, ಯಾಕಂದ್ರೆ ನಾನು ಅವ್ರಿಗೆ ಬೈದದ್ದೂ ಉಂಟು, ಆಮೇಲೆ ಸಾರಿ ಹೇಳಿದ್ದೂ ಉಂಟು.

ಯಾಕೆ ತರಿಸಿದ್ದು ಅಂತ ಕೇಳುದೇ ಬೇಡ, ಕೂದಲಿಗೆ. ಮೊಬೈಲ್ ತೆಗೆದ್ರೆ ಸಾಕು ಯಾರಾದ್ರೂ ಒಬ್ರು ತಲೆಗೆ ರೋಸ್‌ಮೆರಿ ಹಾಕ್ಕೊಂಡು ಕೂತಿರ್ತಾರೆ. ಇದೆಲ್ಲ ಶುರು ಆದದ್ದು ಇರಾನಿನಲ್ಲಿ ಮಾಡಿದ ಒಂದು ಟ್ರಯಲ್‌ನಿಂದ, 2015ರಲ್ಲಿ ಪ್ರಕಟ ಆದದ್ದು, 100 ಜನರನ್ನು ಎರಡು ಗುಂಪು ಮಾಡಿ ಅರ್ಧ ಜನಕ್ಕೆ ರೋಸ್‌ಮೆರಿ, ಅರ್ಧ ಜನಕ್ಕೆ ಕೂದಲು ಬೆಳೀಲಿಕ್ಕೆ ಹಚ್ಚುವ ಮಿನಾಕ್ಸಿಡಿಲ್ ಅನ್ನುವ ಮದ್ದು, 2 ಪರ್ಸೆಂಟಿನದ್ದು, ಆರು ತಿಂಗಳು. ಮೂರು ತಿಂಗಳಿಗೆ ಎರಡರಲ್ಲೂ ಹೇಳುವಂಥ ವ್ಯತ್ಯಾಸ ಇಲ್ಲ, ಆರು ತಿಂಗಳಿಗೆ ಎರಡರಲ್ಲೂ ಸ್ವಲ್ಪ ಕೂದಲು ಜಾಸ್ತಿ. ಅಷ್ಟೇ ಅದು. ರೀಲ್ಸ್‌ನವ್ರು ಹೇಳುವ ಹಾಗೆ ಹದಿನೈದು ದಿನದಲ್ಲಿ ಜಡೆ ಬರುವ ಕಥೆ ಅದರಲ್ಲಿ ಎಲ್ಲಿಯೂ ಇಲ್ಲ. ನಮ್ಮ ಅತ್ತೆ ಮೊದಲ ದಿನವೇ ಕೇಳಿದ್ರು, "ಗರುಗದ ಸೊಪ್ಪು ತೋಟದಲ್ಲಿ ಪುಕ್ಕಟೆ ಉಂಟಲ್ಲ, ನಿನಗೆ ಸ್ಪೇನಿನ ಸೊಪ್ಪೇ ಆಗ್ಬೇಕಾ?" ಅಂತ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗಲೂ ಇಲ್ಲ.

ಮೊದಲನೇ ಬಾಟ್ಲಿ ಬಂದದ್ದು ನವೆಂಬರ್‌ನಲ್ಲಿ. ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಇನ್ನೂ ಒಳಗೆ, ಕೊರಿಯರ್‌ನವ ಮನೆವರೆಗೆ ಬರುದಿಲ್ಲ, ಮಲಯಾಳದಲ್ಲಿ ಫೋನ್ ಮಾಡಿ ಪೇಟೆಗೆ ಬನ್ನಿ ಅಂತಾನೆ, ನಾವು ಜೀಪ್ ಕಾದು ಹೋಗ್ಬೇಕು. ಹೋಗಿ ತಂದು ಮುಚ್ಚಳ ತೆಗೆದ್ರೆ, ಅಬ್ಬ ಎಂತ ಚಂದ ವಾಸನೆ ಮಾರಾಯ್ರೆ! ಹಸಿ ಮರ ಕೊಯ್ಯುವಾಗ ಬರ್ತದಲ್ಲ, ಆ ಥರ ತಾಜಾ, ಹಿಂದಿನಿಂದ ಸ್ವಲ್ಪ ನೀಲಗಿರಿ ಎಣ್ಣೆಯ ತಂಪು, ಇನ್ನೂ ಹಿಂದೆ ಎಲ್ಲೋ ಕರ್ಪೂರದ ಒಂದು ಎಳೆ. ತೆಂಗಿನೆಣ್ಣೆಗೆ ಹಾಕಿ ತಲೆಗೆ ಹಚ್ಚಿದ್ರೆ ಬೆಳಿಗ್ಗೆ ದಿಂಬಿನಲ್ಲಿ ಕೂಡ ಪರಿಮಳ. ಖುಷಿಯಾಗಿ ನಾಲ್ಕು ತಿಂಗಳು ಉಪಯೋಗಿಸಿದೆ.

ಏಪ್ರಿಲ್‌ನಲ್ಲಿ ಎರಡನೇದು ತರಿಸಿದೆ. ಅದೇ ಲೇಬಲ್, ಅದೇ ಬಾಟ್ಲಿ, ಅದೇ ಬೆಲೆ. ಮುಚ್ಚಳ ತೆಗೆದ್ರೆ ದೇವಸ್ಥಾನದ ಗರ್ಭಗುಡಿ ಎದುರು ಮಂಗಳಾರತಿಗೆ ನಿಂತ ಹಾಗೆ! ಪೂರಾ ಕರ್ಪೂರ. ಮೊದಲಿನ ಆ ಹಸಿ ಮರದ ವಾಸನೆ ಹುಡುಕಿದ್ರೆ ಮಾತ್ರ ಸಿಗುವಷ್ಟು. ಮೋಸ ಆಯ್ತು ಅಂತಲೇ ತಲೆಗೆ ಬಂತು, ಎರಡು ರೂಪಾಯಿಯ ಕರ್ಪೂರದ ಬಿಲ್ಲೆ ಕರಗಿಸಿ ಹಾಕಿದ್ದಾರೆ ಅಂತ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿದೆ, ಮರುದಿನಕ್ಕೆ ಜಿಡ್ಡಿನ ಕಲೆ ಇಲ್ಲ, ಅಂದ್ರೆ ಅಡುಗೆ ಎಣ್ಣೆ ಗಿಣ್ಣೆ ಬೆರೆಸಿಲ್ಲ. ಆದ್ರೆ ಕರ್ಪೂರ ಬೆರೆಸಿದ್ರೆ ಅದೂ ಹಾರಿ ಹೋಗ್ತದಲ್ಲ, ಆ ಪರೀಕ್ಷೆಯಲ್ಲಿ ಸಿಕ್ಕಿಬೀಳುದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಕೂತು ಮಾರುವವ್ರಿಗೆ ಒಂದು ಉದ್ದ ಮೆಸೇಜ್ ಹಾಕಿದೆ, ಅದರ ಭಾಷೆ ಇಲ್ಲಿ ಬರೀಲಿಕ್ಕೆ ಆಗುದಿಲ್ಲ.

ಮರುದಿನ ಅವ್ರು ಜಗಳ ಮಾಡ್ಲಿಲ್ಲ, ದುಡ್ಡು ವಾಪಸ್ ಬೇಕಾದ್ರೆ ಕೊಡ್ತೇವೆ, ಮೊದಲು ಇದನ್ನು ನೋಡಿ ಅಂತ ಎರಡು ಪಿಡಿಎಫ್ ಕಳಿಸಿದ್ರು. ಎರಡೂ ಬ್ಯಾಚಿನ ಲ್ಯಾಬ್ ರಿಪೋರ್ಟ್. ಒಂದು ಎಣ್ಣೆಯೊಳಗೆ ಏನೇನು ಎಷ್ಟೆಷ್ಟು ಪಾಲು ಉಂಟು ಅಂತ ಬೇರೆ ಬೇರೆ ಮಾಡಿ ತೋರಿಸುವ ಜಿಸಿ ಎಂಎಸ್ ಅನ್ನುವ ಪರೀಕ್ಷೆಯದ್ದು. ನನ್ನ ಮೊದಲನೇ ಬಾಟ್ಲಿಯದ್ರಲ್ಲಿ ಹಸಿ ಮರದ ವಾಸನೆಯ ಆಲ್ಫಾ ಪೈನೀನ್ 25, ನೀಲಗಿರಿ ವಾಸನೆಯ ಸಿನಿಯೋಲ್ 22, ಕ್ಯಾಂಫರ್ ಅಂದ್ರೆ ಕರ್ಪೂರ 14 ಪರ್ಸೆಂಟ್. ಎರಡನೇದ್ರಲ್ಲಿ ಪೈನೀನ್ 19, ಸಿನಿಯೋಲ್ 18, ಕ್ಯಾಂಫರ್ 20. ಕೊಯ್ದ ಜಾಗವೂ ಬೇರೆ, ತಿಂಗಳೂ ಬೇರೆ. ಮೊದಲನೇದು ಮೇಲಿನ ಬೆಟ್ಟದ್ದು, ಎರಡನೇದು ಸಮುದ್ರದ ಕಡೆಗೆ ತಗ್ಗಿನದ್ದು ಅಂತ ಬರೆದಿತ್ತು. ಅಂದ್ರೆ ನನ್ನ ಮೂಗು ಸುಳ್ಳು ಹೇಳ್ಲಿಲ್ಲ, ಅವ್ರೂ ಸುಳ್ಳು ಹೇಳ್ಲಿಲ್ಲ.

ಇದಾದ ಮೇಲೆ ನನಗೆ ಹುಚ್ಚು ಹಿಡೀತು. ಎರಡು ವಾರ ಸಿಕ್ಕಿದ್ದನ್ನೆಲ್ಲ ಓದಿದೆ. ಗೊತ್ತಾದದ್ದನ್ನು ನನ್ನ ಭಾಷೆಯಲ್ಲಿ ಹೇಳ್ತೇನೆ.

ರೋಸ್‌ಮೆರಿ ನಮ್ಮ ತುಳಸಿ, ದೊಡ್ಡಪತ್ರೆ, ಪುದೀನ ಇವುಗಳ ಕುಟುಂಬದ್ದೇ. ಮೊದಲು ರೋಸ್‌ಮರೈನಸ್ ಅಫಿಸಿನಾಲಿಸ್ ಅಂತ ಇತ್ತು, 2017ರಲ್ಲಿ ಅದನ್ನು ಸಾಲ್ವಿಯಾ ಗುಂಪಿಗೆ ಸೇರಿಸಿ ಸಾಲ್ವಿಯಾ ರೋಸ್‌ಮರೈನಸ್ ಮಾಡಿದ್ರು, ಬಾಟ್ಲಿಗಳಲ್ಲಿ ಈಗಲೂ ಹೆಚ್ಚಾಗಿ ಹಳೇ ಹೆಸರೇ. ಎಣ್ಣೆ ಇರುದು ಎಲೆಯ ಮೇಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಲ್ಲಿ, ಉಜ್ಜಿದ ಕೂಡ್ಲೇ ಅವು ಒಡೀತವೆ, ವಾಸನೆ ಬರ್ತದೆ, ದೊಡ್ಡಪತ್ರೆಯಲ್ಲೂ ಇದೇ ಕಥೆ. ಆ ಎಣ್ಣೆಯಲ್ಲಿ ಹತ್ತಾರು ಐಟಂ ಇದ್ರೂ ಮೂಗಿಗೆ ದೊಡ್ಡದಾಗಿ ಸಿಗುದು ಮೂರು. ಪೈನೀನ್ ಅಂದ್ರೆ ಪೇಂಟಿಗೆ ಹಾಕುವ ಟರ್ಪೆಂಟೈನ್‌ನಲ್ಲಿರುವುದು, ಹಸಿ ಮರದ ವಾಸನೆ ಅದರದ್ದೇ. ಸಿನಿಯೋಲ್ ಅಂದ್ರೆ ನೀಲಗಿರಿ ಎಣ್ಣೆಯ ಮುಖ್ಯ ಸರಕು. ಕ್ಯಾಂಫರ್ ಅಂದ್ರೆ ಸಾಕ್ಷಾತ್ ಕರ್ಪೂರ. ತಮಾಷೆ ಎಂತ ಗೊತ್ತುಂಟಾ, ಈಗ ಅಂಗಡಿಯಲ್ಲಿ ಸಿಗುವ ಆರತಿ ಕರ್ಪೂರ ಹೆಚ್ಚಿನದ್ದೂ ಮರದಿಂದ ಬಂದದ್ದಲ್ಲ, ಟರ್ಪೆಂಟೈನಿನ ಪೈನೀನ್‌ನಿಂದ ಫ್ಯಾಕ್ಟರಿಯಲ್ಲಿ ಮಾಡಿದ್ದು.

ಈ ಮೂರರ ಪಾಲು ಎಲ್ಲ ಕಡೆ ಒಂದೇ ಥರ ಇರುದಿಲ್ಲ. ಯುರೋಪಿನ ಫಾರ್ಮಕೋಪಿಯ, ಅಂದ್ರೆ ಮದ್ದಿನ ಸರಕು ಹೇಗಿರ್ಬೇಕು ಅಂತ ಹೇಳುವ ಅಧಿಕೃತ ಪುಸ್ತಕ, ಅದರಲ್ಲಿ ರೋಸ್‌ಮೆರಿ ಎಣ್ಣೆಗೆ ಎರಡು ಲೆಕ್ಕ ಇಟ್ಟಿದ್ದಾರೆ. ಸ್ಪೇನಿನ ಬಗೆ ಅಂದ್ರೆ ಪೈನೀನ್ 18ರಿಂದ 26, ಸಿನಿಯೋಲ್ 16ರಿಂದ 25, ಕ್ಯಾಂಫರ್ 13ರಿಂದ 21 ಪರ್ಸೆಂಟ್. ಮೊರಾಕೊ ಮತ್ತು ಟ್ಯುನೀಶಿಯದ ಬಗೆ ಅಂದ್ರೆ ಸಿನಿಯೋಲ್ ಒಂದೇ 38ರಿಂದ 55, ಪೈನೀನ್ 9ರಿಂದ 14, ಕ್ಯಾಂಫರ್ 5ರಿಂದ 15. ಕಾರ್ಸಿಕಾ ದ್ವೀಪದ್ದು ಮೂರನೇ ದಾರಿ, ಅಲ್ಲಿ ವರ್ಬಿನೋನ್ ಅನ್ನುವ ಇನ್ನೊಂದು ಎದ್ದು ಕಾಣ್ತದೆ. ಈಗ ಮೇಲೆ ಹೋಗಿ ನನ್ನ ಎರಡು ಬಾಟ್ಲಿಯ ನಂಬರ್ ನೋಡಿ, ಎರಡೂ ಸ್ಪೇನಿನ ಗೆರೆಯ ಒಳಗೇ ಉಂಟು. ಒಂದು ಗೆರೆಯ ಈ ಕೊನೆ, ಇನ್ನೊಂದು ಆ ಕೊನೆ. ಹೀಗಿರುವಾಗ ನಾನು ಕರ್ಪೂರ ಬೆರೆಸಿದ್ದಾರೆ ಅಂತ ಬೊಬ್ಬೆ ಹಾಕಿದ್ದು.

ಹಾಗಾದ್ರೆ ಇದು ಗಿಡದ ಜಾತಿಯಾ, ಮಣ್ಣಿನ ಗುಣವಾ? ಇಲ್ಲಿ ಸ್ವಲ್ಪ ಜಾಗ್ರತೆ ಬೇಕು, ಸುಮಾರು ಜನ ಬೆಟ್ಟದ ಗಾಳಿ, ಸಮುದ್ರದ ಇಬ್ಬನಿ ಅಂತ ಕವಿತೆ ಬರೆದು ಎಣ್ಣೆ ಮಾರ್ತಾರೆ. ನಮ್ಮ ಕಾಳುಮೆಣಸಿನ ಲೆಕ್ಕ ಹಾಕಿ. ಪಣಿಯೂರು ಬಳ್ಳಿಯೂ ಕರಿಮುಂಡ ಬಳ್ಳಿಯೂ ಒಂದೇ ತೋಟದಲ್ಲಿ ಒಂದೇ ನೀರು ಕುಡಿದು ಬೆಳೆದ್ರೂ ಎರಡರ ಕಾಳು ಒಂದೇ ಅಲ್ಲ, ಅದು ತಳಿ. ಆದ್ರೆ ಅದೇ ಕರಿಮುಂಡವನ್ನು ನೆರಳಿನ ಕಂಗಿಗೆ ಬಿಟ್ಟದ್ದಕ್ಕೂ ಬಿಸಿಲಿನ ಗುಡ್ಡೆಬದಿಗೆ ಬಿಟ್ಟದ್ದಕ್ಕೂ ವ್ಯತ್ಯಾಸ ಉಂಟಲ್ಲ, ಅದು ಜಾಗ. ರೋಸ್‌ಮೆರಿಯಲ್ಲೂ ಹಾಗೆಯೇ, ಯಾವ ಬಗೆಯ ಎಣ್ಣೆ ಮಾಡುವುದು ಅನ್ನುದು ಮುಖ್ಯವಾಗಿ ರಕ್ತದಲ್ಲೇ ಬರ್ತದೆ, ಇದಕ್ಕೆ ಕೀಮೋಟೈಪ್ ಅಂತಾರೆ. ಸಿನಿಯೋಲ್ ಬಗೆಯ ಗಿಡದ ಗೆಲ್ಲು ತಂದು ಬೇರೆ ಊರಲ್ಲಿ ನೆಟ್ಟ ಕೂಡ್ಲೇ ಅದು ವರ್ಬಿನೋನ್ ಬಗೆ ಆಗಿಬಿಡುದಿಲ್ಲ. ಅಕ್ಕಿ ಹಿಟ್ಟು ಒಂದೇ, ಒಬ್ರ ಮನೆಯಲ್ಲಿ ನೀರ್‌ದೋಸೆ ಆಗ್ತದೆ, ಒಬ್ರ ಮನೆಯಲ್ಲಿ ಪುಂಡಿ, ಅದು ಮನೆಯ ಅಭ್ಯಾಸ. ಆದ್ರೆ ಒಲೆ ಎಷ್ಟು ಉರೀತು, ನೀರೆಷ್ಟು ಹಾಕಿದ್ರು ಅನ್ನುದ್ರ ಮೇಲೆ ದೋಸೆ ದಪ್ಪವೋ ತೆಳುವೋ. ಆ ಒಲೆ, ಆ ನೀರು, ಅದೇ ಬಿಸಿಲು ಮಳೆ ಮಣ್ಣು ಎತ್ತರ.

ಕಾಡು ಅಂತ ಹಾಕಿದ್ರೆ ಇಲ್ಲೇ ನಿಜ ವ್ಯತ್ಯಾಸ ಬರುದು. ನರ್ಸರಿಯಲ್ಲಿ ಒಂದೇ ತಾಯಿಗಿಡದಿಂದ ಗೆಲ್ಲು ಮುರಿದು ನೆಟ್ಟ ತೋಟದಲ್ಲಿ ಎಲ್ಲ ಗಿಡವೂ ಒಂದೇ ಅಚ್ಚು. ಕಾಡಿನದ್ದು ಬೀಜದಿಂದ ಬಿದ್ದು ಹುಟ್ಟಿದ್ದು, ಪಕ್ಕಪಕ್ಕದ ಎರಡು ಪೊದೆಯೇ ಬೇರೆ ಬೇರೆ ಇರ್ಬಹುದು, ಅದರ ಮೇಲೆ ಒಂದು ಬೆಟ್ಟಕ್ಕೆ ಒಂದು ಹವೆ. ಹಾಗಾಗಿ ಕಾಡು ಅಂದ್ರೆ ಒಳ್ಳೇದು ಅಂತ ಅರ್ಥ ಅಲ್ಲ, ಈ ಸಲದ್ದು ಮುಂದಿನ ಸಲ ಸಿಗುದು ಕಷ್ಟ ಅಂತ ಅರ್ಥ. ನನ್ನ ಎರಡು ಬಾಟ್ಲಿಯ ವ್ಯತ್ಯಾಸದಲ್ಲಿ ಬೆಟ್ಟದ ಪಾಲು ಎಷ್ಟು, ಗಿಡದ ಹುಟ್ಟುಗುಣ ಎಷ್ಟು ಅಂತ ಆ ರಿಪೋರ್ಟ್ ನೋಡಿ ಹೇಳ್ಲಿಕ್ಕೆ ಆಗುದಿಲ್ಲ, ಎರಡೂ ಕಡೆಯ ಗಿಡ ತಂದು ಒಂದೇ ತೋಟದಲ್ಲಿ ನೆಟ್ಟು ಬೆಳೆಸಿ ನೋಡ್ಬೇಕು.

ಇನ್ನೊಂದು, ಕಾಡು ಅಂದ ಕೂಡ್ಲೇ ನಮಗೆ ಕಣ್ಣಿಗೆ ಬರುದು ಇಂಬಳ ಕಚ್ಚುವ, ಬಿಸಿಲು ನೆಲ ಮುಟ್ಟದ ಕಾಡು. ರೋಸ್‌ಮೆರಿಯ ಕಾಡು ಅದಲ್ಲ ಮಾರಾಯ್ರೆ. ಅದು ಬೋಳು ಗುಡ್ಡೆಯ ಗಿಡ, ಮಾರ್ಚ್ ತಿಂಗಳಲ್ಲಿ ನಮ್ಮ ಪದವು ಹೇಗಿರ್ತದೆ, ಹುಲ್ಲೆಲ್ಲ ಒಣಗಿ ಕಲ್ಲು ಕಾದು, ಹಾಗೆ. ವ್ಯತ್ಯಾಸ ಅಂದ್ರೆ ನಮ್ಮದು ಮುರಕಲ್ಲು, ಹುಳಿ ಮಣ್ಣು, ಅಲ್ಲಿ ಹೆಚ್ಚಾಗಿ ಸುಣ್ಣದ ಕಲ್ಲು. ಸ್ಪೇನಿನ ಮುರ್ಸಿಯ ಕಡೆ ವರ್ಷಕ್ಕೆ ಬೀಳುವ ಮಳೆ 300 ಮಿ.ಮೀ. ಆಸುಪಾಸು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,500ರ ಹತ್ತಿರ, ಅಲ್ಲಿ ವರ್ಷಪೂರ್ತಿ ಬಿದ್ದದ್ದು ಇಲ್ಲಿ ಜೂನ್‌ನ ಹತ್ತು ದಿನಕ್ಕೆ ಮುಗೀತದೆ. ಅಂಥಾ ಜಾಗದಲ್ಲಿ ಬದುಕ್ಲಿಕ್ಕೆ ಆ ಗಿಡ ಎಲೆಯನ್ನು ಸೂಜಿಯ ಹಾಗೆ ಸಪೂರ ಮಾಡಿ, ಅಂಚು ಒಳಗೆ ಮಡಚಿ, ಅಡಿಭಾಗಕ್ಕೆ ಬಿಳಿ ಉಣ್ಣೆ ಹೊದ್ದು ಕೂತಿದೆ. ನೀರಿನ ಕೊರತೆ ಒಂದು ಮಟ್ಟದವರೆಗೆ ಇದ್ರೆ ಎಲೆ ಸಣ್ಣ ಆಗ್ತದೆ, ಎಲೆಯ ತೂಕಕ್ಕೆ ಹೋಲಿಸಿದ್ರೆ ಎಣ್ಣೆ ಜಾಸ್ತಿ. ಬರ ತೀರಾ ಜೋರಾದ್ರೆ ಗಿಡವೇ ಬೆಳೆಯುದಿಲ್ಲ, ಒಟ್ಟು ಎಣ್ಣೆ ಕಡಿಮೆ. ನೀರು ಗೊಬ್ಬರ ಧಾರಾಳ ಹಾಕಿದ್ರೆ ಸೊಪ್ಪು ಹೊರೆಗಟ್ಟಲೆ, ವಾಸನೆ ಸಪ್ಪೆ.

ಇದನ್ನು ನಾನು ಓದಿ ಮಾತ್ರ ಹೇಳುದಲ್ಲ. ಮಂಗಳೂರಿಂದ 150 ರೂಪಾಯಿ ಕೊಟ್ಟು ಒಂದು ರೋಸ್‌ಮೆರಿ ಚಟ್ಟಿ ತಂದಿದ್ದೆ, ಅಂಗಳದ ಬದಿಯಲ್ಲಿ ಇಟ್ಟೆ, ಮೇ ತಿಂಗಳವರೆಗೆ ರಾಣಿಯ ಹಾಗೆ ಇತ್ತು, ಜೂನ್‌ನ ಮಳೆ ಹಿಡಿದು ಹದಿನೈದು ದಿನಕ್ಕೆ ಬೇರು ಕೊಳೆತು ಕಪ್ಪಾಗಿ ಹೋಯ್ತು. ಎರಡನೇದನ್ನು ಹೊಯಿಗೆ ಮತ್ತು ಮುರಕಲ್ಲಿನ ಚೂರು ಹಾಕಿ, ಹಳೇ ಗೋಡೆಯ ಸುಣ್ಣದ ಪುಡಿ ಒಂದು ಹಿಡಿ ಸೇರಿಸಿ, ಮಾಡಿನ ಅಡಿಗೆ ಇಟ್ಟೆ. ಬದುಕಿತು. ಆದ್ರೆ ಆಟಿ ತಿಂಗಳ ಮಳೆಯಲ್ಲಿ ಹೇಗಿತ್ತು ಅಂದ್ರೆ ಉದ್ದುದ್ದ ಗೆಲ್ಲು, ಮೆತ್ತಗಿನ ಅಗಲ ಎಲೆ, ಉಜ್ಜಿದ್ರೆ ಹುಲ್ಲಿನ ವಾಸನೆ. ಫೆಬ್ರವರಿಯಲ್ಲಿ ತಂಗಿಯ ಮನೆಗೆ ಹೋಗಿ ಹನ್ನೆರಡು ದಿನ ಕೂತೆ, ಇಲ್ಲಿ ಯಾರೂ ನೀರು ಹಾಕ್ಲಿಲ್ಲ, ವಾಪಸ್ ಬಂದು ಸೆರಗು ತಾಗಿದ್ದಷ್ಟೇ, ಇಡೀ ಜಗಲಿ ಘಮ್ ಅಂತು. ಅತ್ತೆಗೆ ತೋರಿಸಿದ್ರೆ, "ಇದಕ್ಕೆ ಇಷ್ಟು ಓದ್ಬೇಕಾ, ದೊಡ್ಡಪತ್ರೆಯೂ ಹಾಗೆಯೇ ಅಲ್ವಾ, ಆಟಿಯಲ್ಲಿ ತಂಬುಳಿ ಮಾಡಿದ್ರೆ ಎರಡು ಪಾಲು ಎಲೆ ಬೇಕು" ಅಂದ್ರು. ಹೌದಲ್ಲ! ಮೂವತ್ತು ವರ್ಷದಿಂದ ತಂಬುಳಿ ಮಾಡುವವ್ರಿಗೆ ಗೊತ್ತಿದ್ದದ್ದು ನನಗೆ ಪಿಡಿಎಫ್ ಓದಿ ಗೊತ್ತಾಗ್ಬೇಕಾಯ್ತು.

ಕೊಯ್ಯುವ ತಿಂಗಳೂ ಲೆಕ್ಕಕ್ಕೆ ಬರ್ತದೆ. ಸಾಮಾನ್ಯವಾಗಿ ಬೇಸಿಗೆಯ ಬಿಸಿಲಲ್ಲಿ ಎಣ್ಣೆ ಏರ್ತದೆ, ಚಳಿಗಾಲದಲ್ಲಿ ಇಳೀತದೆ. ಆಮೇಲೆ ಭಟ್ಟಿಯವನ ಕೈ. ಹಬೆ ಬಿಟ್ಟ ಕೂಡ್ಲೇ ಮೊದಲು ಬರುದು ಪೈನೀನ್‌ನಂಥ ಹಗುರದ್ದು, ಕ್ಯಾಂಫರ್, ವರ್ಬಿನೋನ್ ಎಲ್ಲ ನಿಧಾನ. ಅವಸರದಲ್ಲಿ ಅರ್ಧಕ್ಕೆ ಬೆಂಕಿ ಆರಿಸಿದ್ರೆ ಅದೇ ಸೊಪ್ಪಿನದ್ದೇ ಬೇರೆ ಎಣ್ಣೆ. ಮಜ್ಜಿಗೆ ಹುಲ್ಲಿನ ಎಣ್ಣೆ ಇಳಿಸುದನ್ನು ನೋಡಿದವ್ರಿಗೆ ಇದು ಗೊತ್ತಿರ್ತದೆ. ಹಸಿ ಸೊಪ್ಪಿನಲ್ಲಿ ಸಿಗುದು ನೂರಕ್ಕೆ ಒಂದು ಪಾಲಿನ ಆಚೀಚೆ, ಅಂದ್ರೆ ನನ್ನ 10 ಮಿ.ಲೀ. ಬಾಟ್ಲಿಯಲ್ಲಿ ಕಿಲೋ ಒಂದರ ಹತ್ತಿರ ಸೊಪ್ಪು ಕೂತಿದೆ. 650 ರೂಪಾಯಿ ಜಾಸ್ತಿ ಅಂತ ಗೊಣಗಿದ್ದನ್ನು ಅಲ್ಲಿಗೆ ನಿಲ್ಲಿಸಿದೆ.

ಅಗ್ಗದ್ದೂ ಸಿಗ್ತದೆ. ಭಾವ ಊಟಿಗೆ ಹೋದಾಗ ದಾರಿಬದಿ ಅಂಗಡಿಯಿಂದ 120 ರೂಪಾಯಿಗೆ 50 ಮಿ.ಲೀ. ರೋಸ್‌ಮೆರಿ ಎಣ್ಣೆ ತಂದುಕೊಟ್ರು, ತುಂಬ ಪ್ರೀತಿಯಿಂದ. ನೀಲಗಿರಿ ಬೆಟ್ಟದಲ್ಲಿ ರೋಸ್‌ಮೆರಿ ನಿಜವಾಗಿಯೂ ಬೆಳೆಸ್ತಾರೆ, ಊಟಿ 2,200 ಮೀಟರ್ ಮೇಲಿರುವುದರಿಂದ ತಂಪಿಗೆ ಅಲ್ಲಿ ಅದು ಒಗ್ಗಿದೆ, ಅದು ಸುಳ್ಳಲ್ಲ. ಆದ್ರೆ ಆ ಬಾಟ್ಲಿಯಲ್ಲಿದ್ದದ್ದು ರೋಸ್‌ಮೆರಿ ಅಂತ ನನಗೆ ನಂಬಿಕೆ ಇಲ್ಲ, ಶೀತಕ್ಕೆ ಬಿಸಿನೀರಿಗೆ ಹಾಕುವ ನೀಲಗಿರಿ ಎಣ್ಣೆಯದ್ದೇ ಘಾಟು. ರೋಸ್‌ಮೆರಿಗೆ ನೀಲಗಿರಿ ಎಣ್ಣೆ ಬೆರೆಸುದು ಈ ವ್ಯಾಪಾರದಲ್ಲಿ ಹಳೇ ಕಳ್ಳತನ, ಎರಡರಲ್ಲೂ ಸಿನಿಯೋಲ್ ಇರುವುದರಿಂದ ಮೂಗಿಗೆ ಸುಲಭವಾಗಿ ಗೊತ್ತಾಗುದಿಲ್ಲ. ಭಾವನಿಗೆ ಹೇಳ್ಲಿಲ್ಲ, ಬಚ್ಚಲು ಒರೆಸುವ ನೀರಿಗೆ ಹಾಕ್ತಿದ್ದೇನೆ, ಸೊಳ್ಳೆ ಕಡಿಮೆ ಆಗಿದೆ ಅಂತ ನನ್ನ ಭ್ರಮೆ.

ಉಪಯೋಗದ ಬಗ್ಗೆ. 50 ಮಿ.ಲೀ. ತೆಂಗಿನೆಣ್ಣೆಗೆ 20 ಹನಿ, ಅಷ್ಟೇ ಸಾಕು, ಅದೇ 2 ಪರ್ಸೆಂಟ್ ಆಯ್ತು. ನೇರ ತಲೆಗೆ ಹಚ್ಚಿದ್ರೆ ಉರೀತದೆ, ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ಕುಡಿಯುದು ಗಿಡಿಯುದು ಬೇಡವೇ ಬೇಡ. ಮೂರ್ಛೆ ರೋಗ ಇರುವವ್ರು, ಬಸುರಿಯರು ದೂರ ಇಡ್ಬೇಕು, ಕ್ಯಾಂಫರ್ ಇರುವುದರಿಂದ. ನಾದಿನಿಯ ಎಂಟು ತಿಂಗಳ ಮಗುವಿಗೆ ಶೀತ ಆದಾಗ ಎದೆಗೆ ಸ್ವಲ್ಪ ಹಚ್ಚುವ ಅಂತ ಅತ್ತೆ ಬಾಟ್ಲಿ ಹಿಡ್ಕೊಂಡು ಹೊರಟಿದ್ರು, ನಾನು ಅಡ್ಡ ನಿಂತೆ, ಕ್ಯಾಂಫರ್ ಮತ್ತು ಸಿನಿಯೋಲ್ ಎರಡೂ ಅಷ್ಟು ಸಣ್ಣ ಮಕ್ಕಳ ಮೂಗಿನ ಹತ್ರ ತರ್ಲಿಕ್ಕೇ ಆಗ್ದು, ಉಸಿರಿಗೆ ತೊಂದರೆ ಆಗ್ಬಹುದು. ಆ ದಿನ ಮನೆಯಲ್ಲಿ ಸ್ವಲ್ಪ ಬಿಸಿ ಇತ್ತು. ಕೂದಲಿನ ರಿಸಲ್ಟ್ ಕೇಳಿದ್ರೆ, ಬಾಚಣಿಗೆಯಲ್ಲಿ ಬರುದು ಕಡಿಮೆ ಆಗಿದೆ, ಎಣ್ಣೆಯಿಂದಲಾ ಅಥವಾ ಮಳೆಗಾಲ ಮುಗಿದದ್ದರಿಂದಲಾ ಅಂತ ಪ್ರಮಾಣ ಮಾಡಿ ಹೇಳ್ಲಾರೆ.

ಒಂದು ಸ್ಟಾರ್ ಯಾಕೆ ಕಡಿಮೆ ಅಂದ್ರೆ, ಕೊಯ್ದ ತಿಂಗಳು, ಕೊಯ್ದ ಜಾಗ, ಬ್ಯಾಚಿನ ನಂಬರ್ ಬಾಟ್ಲಿಯ ಮೇಲೆಯೇ ಹಾಕ್ಬೇಕಿತ್ತು. ಆ ರಿಪೋರ್ಟ್ ಅವ್ರ ಹತ್ರ ಇತ್ತು, ನಾನು ಬೈದ ಮೇಲೆ ಕಳಿಸಿದ್ದು. ಬೈಯದವ್ರಿಗೆ ಹೇಗೆ ಗೊತ್ತಾಗ್ಬೇಕು? ಮತ್ತೆ ಆ ಹನಿ ಬೀಳುವ ಮುಚ್ಚಳ, ಸಾವು, ಒಂದು ಹನಿ ಬಿಡುವಾಗ ಮೂರು ಬೀಳ್ತದೆ.

ದುಡ್ಡು ವಾಪಸ್ ತಗೊಳ್ಳಲಿಲ್ಲ. ಎರಡನೇ ಬಾಟ್ಲಿಗೆ ಬೇರೆ ಗಿರಾಕಿ ಸಿಕ್ಕಿದ್ರು. ಅತ್ತೆ ಒಂದು ದಿನ ಮೂಸಿ ನೋಡಿ, "ಇದು ನಾವು ಗಂಟುನೋವಿಗೆ ಕಾಯ್ಸುವ ಕರ್ಪೂರದೆಣ್ಣೆಯದ್ದೇ ವಾಸನೆ" ಅಂತ ಹೇಳಿ ತೆಂಗಿನೆಣ್ಣೆಗೆ ಬೆರೆಸಿ ಮೊಣಕಾಲಿಗೆ ಹಚ್ಲಿಕ್ಕೆ ಶುರು ಮಾಡಿದ್ರು, ಈಗ ಅದು ಅವ್ರ ಮಂಚದ ಹತ್ರ ಇರುದು, ನನಗೆ ಮುಟ್ಲಿಕ್ಕಿಲ್ಲ. ಮೊದಲನೇದು ಎಂದೋ ಮುಗಿದಿದೆ. ಮಾರುವವ್ರಿಗೆ ಮೊನ್ನೆ ಮೆಸೇಜ್ ಹಾಕಿದೆ, ಬೆಟ್ಟದ್ದು ಉಂಟಾ ಅಂತ. ಆ ಬ್ಯಾಚ್ ಖಾಲಿ, ಹೊಸದು ಬಂದ್ರೆ ಮೊದಲು ರಿಪೋರ್ಟ್ ಕಳಿಸ್ತೇವೆ, ನೋಡಿ ಆಮೇಲೆ ದುಡ್ಡು ಹಾಕಿ ಅಂದ್ರು. ಕಾಯ್ತಾ ಇದ್ದೇನೆ, ಪೈನೀನ್ 23ರಿಂದ ಕೆಳಗಿದ್ರೆ ಬೇಡ ಅಂತ ಹೇಳಿ ಇಟ್ಟಿದ್ದೇನೆ.